ಹಿತ್ತಾಳೆಗೆ ಗಮಕ ಕಲಿಸಿದವರು

ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕ್‌ನ ಕುಂಭಮೇಳದ ಕಾಲದಲ್ಲಿ, ನಾಥಪಂಥದ ಯೋಗಿಗಳ ಗುಂಪೊಂದು ತ್ರ್ಯಂಬಕೇಶ್ವರದಿಂದ ದಕ್ಷಿಣದ ದಾರಿ ಹಿಡಿಯುತ್ತದೆ. ಬರಿಗಾಲು, ಕಾವಿ ಬಟ್ಟೆ, ಊರೂರಲ್ಲಿ ತಂಗುತ್ತ ತಿಂಗಳುಗಟ್ಟಲೆ ನಡಿಗೆ. ಝುಂಡಿ ಯಾತ್ರೆ ಎಂದು ಅದರ ಹೆಸರು. ಸಹ್ಯಾದ್ರಿಯ ಉದ್ದಕ್ಕೂ ನಡೆದು, ಘಟ್ಟ ಇಳಿದು ಅವರು ಸೇರುವುದು ಮಂಗಳೂರಿನ ಕದ್ರಿಯ ಜೋಗಿ ಮಠವನ್ನು. ಅಲ್ಲಿ ಮಠಕ್ಕೆ ಹೊಸ ಅಧಿಪತಿಯ ಪಟ್ಟಾಭಿಷೇಕ ನಡೆಯುತ್ತದೆ. 2015ರ ಕುಂಭಮೇಳದ ಬಳಿಕ ನಡೆದವರು 2016ರಲ್ಲಿ ಕದ್ರಿ ಮುಟ್ಟಿದರು. ಆ ಯೋಗಿಗಳ ಕೊರಳಲ್ಲಿ ಕಪ್ಪು ಉಣ್ಣೆಯ ದಾರ. ದಾರದ ತುದಿಗೆ ಬೆರಳುದ್ದದ, ಕೊಂಬಿನಿಂದ ಮಾಡಿದ ಪೀಪಿ. ಪೂಜೆಗೆ ಮುನ್ನ, ಊಟಕ್ಕೆ ಮುನ್ನ ಅದನ್ನೊಮ್ಮೆ ಊದುತ್ತಾರೆ. ರಾಗವಿಲ್ಲ, ತಾಳವಿಲ್ಲ, ಒಂದು ಉಸಿರು, ಒಂದು ಸ್ವರ, ಅಷ್ಟೇ.

ನಾಸಿಕ್ ರೋಡ್‌ನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥ ಕನ್ನಡಿಗರಿಗೆ ಈ ದಾರಿ ರೈಲಿನ ದಾರಿಯಾಗಿ ಗೊತ್ತು. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್‌ನಲ್ಲಿ ಹತ್ತಿದವರನ್ನು ಕೊಂಕಣದ ಸುರಂಗಗಳೊಳಗಿಂದ ತಂದು, ಪನ್ವೇಲ್, ಕಲ್ಯಾಣ್ ದಾಟಿಸಿ, ಕಸಾರಾ ಘಾಟ್ ಹತ್ತಿಸಿ ಇಲ್ಲಿ ಇಳಿಸುತ್ತದೆ. ಆ ರೈಲು ಪ್ಲಾಟ್‌ಫಾರ್ಮಿಗೆ ಬಂದಾಗಲೆಲ್ಲ ನನಗೆ ಕದ್ರಿಯ ನೆನಪು. ಕದ್ರಿಯ ನೆನಪಾದರೆ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ, ಆಳುಪ ಕುಂದವರ್ಮನ ಕಾಲದ, 968ರ ಶಾಸನವಿರುವ ಆ ಪ್ರಶಾಂತ ಮೂರ್ತಿ, ಕಣ್ಣ ಮುಂದೆ ಬರುತ್ತದೆ. ಅದರ ಬೆನ್ನಿಗೇ ಸ್ಯಾಕ್ಸೋಫೋನಿನ ದನಿಯೊಂದು ಕಿವಿಯೊಳಗೆ ಏಳುತ್ತದೆ. ಲೋಹದಲ್ಲಿ ಮೌನ ಎರಕ ಹೊಯ್ದ ಊರಿನಿಂದಲೇ ಲೋಹಕ್ಕೆ ಮಾತು ಕಲಿಸಿದವರೂ ಬಂದರಲ್ಲ ಎಂಬುದು ನನ್ನ ಮಟ್ಟಿಗೆ ಇನ್ನೂ ತೀರದ ಸೋಜಿಗ.

ಆ ದನಿ ಕದ್ರಿ ಗೋಪಾಲನಾಥರದು. ಅವರು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ದೇವಸ್ಥಾನದ ಉತ್ಸವ, ಮದುವೆ, ಬಲಿ ಹೊರಡುವ ಹೊತ್ತು — ಊರಿನ ಮಂಗಳಕಾರ್ಯಗಳಿಗೆಲ್ಲ ಉಸಿರು ಕೊಡುವ ಮನೆತನ. ಹುಡುಗನ ಮೊದಲ ಪಾಠ ನಾಗಸ್ವರದಲ್ಲೇ ಆಯಿತು. ಮುಂದಿನ ದಾರಿಯೂ ಹಾಕಿಟ್ಟಿದ್ದೇ ಆಗಿತ್ತು. ತಂದೆಯ ವಾದ್ಯ, ತಂದೆಯ ದೇವಸ್ಥಾನ, ತಂದೆಯ ಮರ್ಯಾದೆ. ಅಷ್ಟರಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಒಬ್ಬರು ಸ್ಯಾಕ್ಸೋಫೋನ್ ನುಡಿಸುವುದನ್ನು ಆ ಹುಡುಗ ಕಂಡ.

ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಪಿಟೀಲು, ಪಿಯಾನೋ, ವೀಣೆಗಳ ಜೊತೆಗೆ ಸ್ಯಾಕ್ಸೋಫೋನನ್ನೂ ಬಲ್ಲವರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಆಳಿದ ಮನೆ ಅದು. ಅಲ್ಲಿ ಆ ವಾದ್ಯ ಹೊಸದಲ್ಲ. ಅದನ್ನು ನೋಡಿದವರು, ಕೇಳಿದವರು ಸಾವಿರಾರು ಜನ ಇದ್ದಿರಬೇಕು. ಹೊಳಪು ನೋಡಿ ಖುಷಿಪಟ್ಟು ಮನೆಗೆ ಹೋಗಿರಬೇಕು. ಒಬ್ಬ ಹುಡುಗ ಮಾತ್ರ ಆ ಖುಷಿಯನ್ನು ಮನೆಗೆ ಹೊತ್ತು ತಂದು ಇಳಿಸಲೇ ಇಲ್ಲ. ಬೆರಗು ಎಲ್ಲರಿಗೂ ಆಗುತ್ತದೆ. ಆದ ಬೆರಗಿಗೆ ಅನ್ನ ಹಾಕಿ ಸಾಕುವವರು ಕಡಿಮೆ. ಗೋಪಾಲನಾಥರು ಆ ಒಂದು ಗಳಿಗೆಯ ಬೆರಗನ್ನು ಸುಮಾರು ಇಪ್ಪತ್ತು ವರ್ಷ ಸಾಕಿದರು. ಆ ವಾದ್ಯ ಅವರ ಮಾತು ಕೇಳಲು ಅಷ್ಟು ಕಾಲ ಹಿಡಿಯಿತು.

ಯಾಕೆ ಅಷ್ಟು ಕಾಲ? ಇದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬೆರಗಿನ ತಿರುಳು ಇರುವುದು ಇಲ್ಲೇ.

ಸ್ಯಾಕ್ಸೋಫೋನನ್ನು ರೂಪಿಸಿದ್ದು ಬೆಲ್ಜಿಯಂನ ದಿನಾಂತ್ ಎಂಬ ಊರಿನ ಅಡಾಲ್ಫ್ ಸ್ಯಾಕ್ಸ್. 1814ರಲ್ಲಿ ಹುಟ್ಟಿದ ಆತ ಬಾಲ್ಯದಲ್ಲಿ ಸಾವಿನ ಬಾಯಿಂದ ಮತ್ತೆ ಮತ್ತೆ ಪಾರಾಗಿ ಬಂದ. 1846ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದ. ಪ್ರತಿಸ್ಪರ್ಧಿಗಳ ಮೊಕದ್ದಮೆಗಳಲ್ಲಿ ನಲುಗಿ, ಮೂರು ಸಲ ದಿವಾಳಿಯೆದ್ದು, 1894ರಲ್ಲಿ ತೀರಿಕೊಂಡ. ಫ್ರೆಂಚ್ ಸೇನೆಯ ಬ್ಯಾಂಡಿಗೆ ಒಂದು ದನಿ ಬೇಕಾಗಿತ್ತು — ತುತ್ತೂರಿಯ ಜೋರು, ಕ್ಲಾರಿನೆಟ್ಟಿನ ಮಾರ್ದವ, ಎರಡೂ ಇರುವಂಥದ್ದು. ಹಾಗಾಗಿ ಈ ವಾದ್ಯದ ಮೈ ಹಿತ್ತಾಳೆ, ಆದರೆ ದನಿ ಹುಟ್ಟುವುದು ಬಾಯಿಯ ಬಳಿಯ ಒಂದು ತೆಳು ರೀಡಿನಲ್ಲಿ. ಆ ರೀಡು ಒಂದು ಜಾತಿಯ ಜೊಂಡಿನ ಸೀಳು. ಹುಲ್ಲಿನ ಕುಲದ ಗಿಡ ಅದು. ಉಸಿರು ತಾಕಿದಾಗ ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುತ್ತದೆ. ನಮ್ಮ ನಾಗಸ್ವರದ ತುದಿಯ ಸೀವಾಳಿಯೂ ಜೊಂಡಿನದೇ. ನಾಗಸ್ವರದ ಕೊಳವೆ ತುದಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುವಂತೆ ಸ್ಯಾಕ್ಸೋಫೋನಿನದೂ ಹೋಗುತ್ತದೆ. ಆ ಆಕಾರದಿಂದಾಗಿಯೇ ಎರಡೂ ವಾದ್ಯಗಳು ಬಿಗಿಯಾಗಿ ಊದಿದಾಗ ನೇರವಾಗಿ ಮೇಲಿನ ಸ್ಥಾಯಿಗೆ ಏರುತ್ತವೆ. ಒಂದೇ ದಪ್ಪದ ಕೊಳವೆಯ ಕ್ಲಾರಿನೆಟ್ ಹಾಗೆ ಏರುವುದಿಲ್ಲ. ತಂಜಾವೂರಿನ ಸೀಮೆಯ ಬಡಗಿಗೂ ಪ್ಯಾರಿಸ್‌ನ ಸ್ಯಾಕ್ಸ್‌ಗೂ ಪರಿಚಯವಿರಲಿಲ್ಲ. ಗಾಳಿಯ ಗುಟ್ಟು ಇಬ್ಬರಿಗೂ ಒಂದೇ ಆಗಿತ್ತು. ಸಜಿಪದ ಹುಡುಗನ ತುಟಿ ಆ ನೆಂಟಸ್ತಿಕೆಯನ್ನು ಗುರುತಿಸಿತೆಂದೇ ನಾನು ನಂಬಿದ್ದೇನೆ.

ನೆಂಟಸ್ತಿಕೆ ಅಲ್ಲಿಗೆ ಮುಗಿಯುತ್ತದೆ. ನಾಗಸ್ವರದಲ್ಲಿ ರಂಧ್ರವನ್ನು ಮುಚ್ಚುವುದು ಬೆರಳು. ಬೆರಳನ್ನು ಅರೆ ಸರಿಸಬಹುದು, ಕಾಲು ಸರಿಸಬಹುದು, ಉರುಳಿಸಬಹುದು, ನಡುಗಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಗಳಿವೆ, ಸರಳುಗಳಿವೆ, ಚರ್ಮದ ಪ್ಯಾಡ್‌ಗಳಿವೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಅದು ಮೆಟ್ಟಿಲು, ನಮ್ಮ ಸಂಗೀತಕ್ಕೆ ಬೇಕಾದದ್ದು ಇಳಿಜಾರು. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ಎರಡು ಸ್ವರಗಳ ನಡುವೆ ತೂಗುತ್ತ, ನಿಂತೂ ನಿಲ್ಲದೆ ಇರುವುದೇ ಅದರ ಇರವು. ಗಾಂಧಾರದ ಕೀ ಒತ್ತಿದ ಮಾತ್ರಕ್ಕೆ ತೋಡಿಯ ಗಾಂಧಾರ ಹುಟ್ಟುವುದಿಲ್ಲ.

ಸ್ವರವನ್ನು ಹೀಗೆ ತೂಗಿಸುವ ವಿದ್ಯೆಗೆ ಶಾಸ್ತ್ರ ಬರೆದ ನೆಲ ನಾಸಿಕ್‌ನಿಂದ ದೂರವಿಲ್ಲ. ನಾಸಿಕ್ ರೋಡ್‌ನಲ್ಲಿ ರೈಲು ಹತ್ತಿ ಮನ್ಮಾಡ್ ಮೇಲೆ ಛತ್ರಪತಿ ಸಂಭಾಜಿನಗರದ ಕಡೆ ಹೋದರೆ, ಊರು ಹತ್ತಿರವಾಗುವಾಗ ಬೆಟ್ಟದ ಮೇಲೆ ಕೋಟೆ ಕಾಣುತ್ತದೆ. ಈಗಿನ ದೌಲತಾಬಾದ್, ಅಂದಿನ ದೇವಗಿರಿ. ಸೇವುಣ ಯಾದವರ ರಾಜಧಾನಿ. ಕನ್ನಡದಲ್ಲಿ ನೂರಾರು ಶಾಸನ ಹಾಕಿಸಿದ ಆ ಅರಸರ ಪೈಕಿ ಸಿಂಘಣನ ಆಸ್ಥಾನದಲ್ಲಿ, 13ನೆಯ ಶತಮಾನದಲ್ಲಿ, ಶಾರ್ಙ್ಗದೇವನೆಂಬ ಅಧಿಕಾರಿಯಿದ್ದ. ಲೆಕ್ಕಪತ್ರದ ಇಲಾಖೆ ಅವನದು. ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಆತ ಬರೆದ ‘ಸಂಗೀತ ರತ್ನಾಕರ’ ಹಿಂದೂಸ್ತಾನಿಯವರಿಗೂ ಕರ್ನಾಟಕ ಸಂಗೀತದವರಿಗೂ ಸಮಾನವಾಗಿ ಮೂಲಗ್ರಂಥ. ಎರಡು ಶತಮಾನದ ಬಳಿಕ ವಿಜಯನಗರದಲ್ಲಿ ಕಲ್ಲಿನಾಥ ಅದಕ್ಕೆ ವ್ಯಾಖ್ಯಾನ ಬರೆದ. ಕೇಳುವವನ ಮನಸ್ಸಿಗೆ ಸುಖ ಕೊಡುವಂತೆ ಸ್ವರ ನಡುಗುವುದೇ ಗಮಕ ಎಂಬ ಅರ್ಥದ ಮಾತು ಶಾರ್ಙ್ಗದೇವನದು. ಅಂಥ ಹದಿನೈದು ಗಮಕಗಳನ್ನು ಅವನು ಎಣಿಸಿಕೊಟ್ಟಿದ್ದಾನೆ. ಅದಕ್ಕೂ ಮುಂಚೆ, ಗ್ರಂಥದ ಆರಂಭದಲ್ಲಿ, ನಾದ ಹುಟ್ಟುವ ಬಗೆಯನ್ನು ಹೇಳುತ್ತಾನೆ: ಒಳಗಿನ ಪ್ರಾಣವಾಯುವೂ ಒಳಗಿನ ಅಗ್ನಿಯೂ ಕೂಡಿದಾಗ ನಾದ. ವಾದ್ಯದ ಮಾತು ಬರುವುದು ಆಮೇಲೆ. ಮೊದಲು ಮೈ, ಮೊದಲು ಉಸಿರು.

ಗೋಪಾಲನಾಥರು ಮಾಡಿದ್ದು ಇದನ್ನೇ ಎನ್ನಿಸುತ್ತದೆ. ಕೀಗಳು ಕೊಡದ್ದನ್ನು ಅವರು ಮೈಯಿಂದ ತಂದರು. ತುಟಿಯ ಬಿಗಿ ಸಡಿಲಿಸಿ ಸ್ವರವನ್ನು ಇಳಿಸುವುದು, ದವಡೆಯ ಒತ್ತಿನಿಂದ ಏರಿಸುವುದು, ಕೀಯನ್ನು ಅರ್ಧಕ್ಕೇ ತಡೆದು ಹಿಡಿಯುವುದು, ಗಂಟಲೊಳಗೇ ಹಾಡಿಕೊಂಡು ಉಸಿರನ್ನು ತಿರುಗಿಸುವುದು. ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರು ಕರ್ನಾಟಕ ಸಂಗೀತದ ಪಾಠವನ್ನು ಆ ವಾದ್ಯಕ್ಕೆ ಹೊಂದಿಸಿ ಕಲಿಸಿದ ಗುರು. ಆ ಗುರುವಿನ ಧೈರ್ಯಕ್ಕೂ ನಾನು ಕೈಮುಗಿಯುತ್ತೇನೆ. ಅದಕ್ಕೆ ಮುಂಚೆ ಯಾರೂ ಪೂರ್ತಿ ನಡೆದಿರದ ದಾರಿಗೆ ಶಿಷ್ಯನನ್ನು ಕರೆದೊಯ್ಯಬೇಕಾದರೆ ಗುರುವೂ ದಿನದಿನ ಹೊಸದಾಗಿ ಕಲಿಯಬೇಕಾಗುತ್ತದೆ. ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರು ಈ ಪ್ರತಿಭೆಯನ್ನು ತಿದ್ದಿ, ತೀಡಿ ವೇದಿಕೆಗೆ ಏರಿಸಿದರು.

ಆ ಕಾಲದ ಗಾಳಿಯನ್ನೂ ನೆನೆಯಬೇಕು. ಗಮಕ ಬಾರದೆಂಬ ಕಾರಣ ಮುಂದಿಟ್ಟು ಆಕಾಶವಾಣಿ ಹಾರ್ಮೋನಿಯಮ್ಮನ್ನು 1940ರಲ್ಲಿ ಹೊರಗಿಟ್ಟಿತ್ತು; 1971ರವರೆಗೂ ಆ ಬಾಗಿಲು ತೆರೆಯಲಿಲ್ಲ. ಕೀ ಇರುವ ಪರದೇಶದ ವಾದ್ಯವೆಂದರೆ ಅನುಮಾನ. ಪಿಟೀಲು ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲೇ ಒಳಗೆ ಬಂದು ಮನೆಮಗಳಾಗಿತ್ತು, ನಿಜ. ಪಿಟೀಲಿಗೆ ಮೆಟ್ಟಿಲಿಲ್ಲ, ಬೆರಳು ಜಾರುತ್ತದೆ. ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್ಟಿಗೆ ಗೌರವ ತಂದಿದ್ದರು. ಸ್ಯಾಕ್ಸೋಫೋನ್ ಎಂದರೆ ಮಾತ್ರ ಜನರ ಕಣ್ಣಿಗೆ ಬರುತ್ತಿದ್ದದ್ದು ಪೊಲೀಸ್ ಬ್ಯಾಂಡು, ಹೋಟೆಲಿನ ನೃತ್ಯ, ಸಿನಿಮಾದ ಖಳನಾಯಕಿಯ ಹಾಡು. ಅಂಥ ವಾದ್ಯವನ್ನು ಹಣೆಗೆ ಕುಂಕುಮವಿಟ್ಟುಕೊಂಡು, ಜರಿಯ ರೇಷ್ಮೆ ಜುಬ್ಬ ತೊಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತೊಡೆಯ ಮೇಲಿಟ್ಟುಕೊಂಡು ವರ್ಣ ಆರಂಭಿಸಿದ ಮನುಷ್ಯನನ್ನು ಸಭೆ ಮೊದಲು ಯಾವ ಕಣ್ಣಿನಿಂದ ನೋಡಿರಬಹುದು!

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ. ಎರಡು ವರ್ಷದ ಹಿಂದಷ್ಟೇ ಆರಂಭವಾಗಿದ್ದ ಉತ್ಸವ. ಅಲ್ಲಿಗೆ ಬಂದಿದ್ದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಸಾಮಾನ್ಯರಲ್ಲ. ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ ನುಡಿಸಿದವರು, ಉಸ್ತಾದ್ ಅಲಿ ಅಕ್ಬರ್ ಖಾನ್ ಅವರೊಡನೆ ಧ್ವನಿಮುದ್ರಿಕೆ ತಂದವರು. ನಮ್ಮ ರಾಗಗಳು ಅವರ ಕಿವಿಗೆ ಹೊಸವಲ್ಲ. ಗೋಪಾಲನಾಥರ ವಾದನ ಕೇಳಿ, ಇವರೊಂದಿಗೆ ನಾನೂ ವೇದಿಕೆಯಲ್ಲಿ ನುಡಿಸಬೇಕೆಂದು ಕೇಳಿಕೊಂಡು ಹ್ಯಾಂಡಿ ಜೊತೆಗೂಡಿದರು. ಅಲ್ಲಿಂದ ಮುಂದೆ ಬರ್ಲಿನ್, ಪ್ರಾಗ್, ಪ್ಯಾರಿಸ್, ಮೆಕ್ಸಿಕೋ; 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರೊಮೆನೇಡ್ ಕಛೇರಿ. ಆ ವೇದಿಕೆಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಪದ್ಮಶ್ರೀ 2004ರಲ್ಲಿ ಬಂತು.

ಜಾಝ್ ಲೋಕ ಅವರನ್ನು ತನ್ನವರೆಂದು ಅಪ್ಪಿಕೊಂಡಿತು. ಅವರು ಮಾತ್ರ ಕರ್ನಾಟಕ ಸಂಗೀತವನ್ನು ಬಿಟ್ಟು ಕದಲಲಿಲ್ಲ. ಜೇಮ್ಸ್ ನ್ಯೂಟನ್ ಅವರ ಕೊಳಲಿನ ಜೊತೆಗೆ ಕೂತಾಗಲೂ ರಾಗದ ಚೌಕಟ್ಟಿನೊಳಗೇ ಕೂತರು. ಪಿಟೀಲಿನ ಎ. ಕನ್ಯಾಕುಮಾರಿ ಅವರೊಂದಿಗಿನ ದೀರ್ಘ ಜೊತೆಗಾರಿಕೆಯಲ್ಲಿ ಎರಡು ಪರದೇಶದ ವಾದ್ಯಗಳು ಒಂದೇ ತಾಯಿಯ ಮಕ್ಕಳಂತೆ ಮಾತಾಡಿಕೊಳ್ಳುವುದನ್ನು ಕೇಳಬೇಕು. ಒಂದು ಇನ್ನೊಂದರ ವಾಕ್ಯವನ್ನು ಮುಗಿಸುತ್ತದೆ.

ಸ್ಯಾಕ್ಸೋಫೋನ್ ಎಂದಕೂಡಲೆ ಇಂದು ಹೆಚ್ಚಿನವರ ಕಿವಿಗೆ ಬರುವುದು ಸ್ಮೂತ್ ಜಾಝ್‌ನ ನುಣುಪು ದನಿ. ಹೋಟೆಲಿನ ಲಾಬಿಯಲ್ಲಿ, ಲಿಫ್ಟಿನಲ್ಲಿ, ವಿಮಾನ ಇಳಿಯುವ ಹೊತ್ತಿನಲ್ಲಿ ಕೇಳುವ ಆ ಹರಿವಿಗೆ ದೊಡ್ಡ ಹೆಸರು ಕೆನ್ನಿ ಜಿ. ಸಿಯಾಟಲ್‌ನ ಈ ವಾದಕನ ‘ಗೋಯಿಂಗ್ ಹೋಮ್’ 1989ರದು. ಚೀನಾದಲ್ಲಿ ಅದು ಅಂಗಡಿ ಮುಚ್ಚುವ ಹೊತ್ತಿನ, ಶಾಲೆ ಬಿಡುವ ಹೊತ್ತಿನ ಸಂಗೀತವಾಗಿಬಿಟ್ಟಿದೆ. ಅದು ಕೇಳಿದರೆ ಜನ ಎದ್ದು ಮನೆಗೆ ಹೊರಡುತ್ತಾರೆ. 1997ರಲ್ಲಿ ಆತ ಮೂಗಿನಿಂದ ಉಸಿರು ಒಳಕ್ಕೆಳೆಯುತ್ತಲೇ ಕೆನ್ನೆಯ ಗಾಳಿಯನ್ನು ಹೊರದೂಡುವ ತಂತ್ರದಿಂದ ಒಂದೇ ಸ್ವರವನ್ನು 45 ನಿಮಿಷಕ್ಕೂ ಮೀರಿ ಹಿಡಿದು ದಾಖಲೆ ಮಾಡಿದ. ಸಂಗೀತ ವಿಮರ್ಶಕರು ಸ್ಮೂತ್ ಜಾಝ್ ಬಗ್ಗೆ ಮುಖ ಸಿಂಡರಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ದುಡಿದು ದಣಿದ ಕೋಟಿ ಜನರನ್ನು ಸಂಜೆ ಮನೆಗೆ ಕಳಿಸಿಕೊಡುವ ದನಿ ಸಣ್ಣದಲ್ಲ. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ನುಣುಪು ಕೇಳುವವನಿಗೆ ವಿಶ್ರಾಂತಿ ಕೊಡುತ್ತದೆ. ಗೋಪಾಲನಾಥರ ವಾದನದಲ್ಲೂ ನುಣುಪಿದೆ, ಆದರೆ ಅದು ಎಚ್ಚರಿಸುತ್ತದೆ. ಜಾರುವ ಪ್ರತಿ ಎಳೆಗೂ ಅಲ್ಲಿ ಲೆಕ್ಕವಿದೆ. ಒಂದು ಕೂದಲೆಳೆ ತಪ್ಪಿದರೆ ರಾಗ ಬೇರೆಯಾಗುತ್ತದೆ.

ತಮಿಳು ಚಿತ್ರ ‘ಡ್ಯುಯೆಟ್’ ಬಂದದ್ದೂ 1994ರಲ್ಲೇ. ಕೆ. ಬಾಲಚಂದರ್ ನಿರ್ದೇಶನ, ಎ.ಆರ್. ರೆಹಮಾನ್ ಸಂಗೀತ, ನಾಯಕ ಪ್ರಭು ಸ್ಯಾಕ್ಸೋಫೋನ್ ವಾದಕ, ಅವನ ತಮ್ಮನಾಗಿ ನಮ್ಮ ರಮೇಶ್ ಅರವಿಂದ್. ತೆರೆಯ ಮೇಲೆ ಪ್ರಭು ವಾದ್ಯ ಹಿಡಿದರೆ ದನಿ ಗೋಪಾಲನಾಥರದು. ಅದರಲ್ಲಿ ಕಲ್ಯಾಣವಸಂತ ರಾಗವಿದೆ. ಸಭೆಯ ಮೆಟ್ಟಿಲು ಹತ್ತದ ಲಕ್ಷಾಂತರ ಜನ, ರಾಗದ ಹೆಸರು ತಿಳಿಯದೆಯೇ, ಆ ಕ್ಯಾಸೆಟ್ಟಿನಿಂದ ಆ ರಾಗದ ಸಂಕಟವನ್ನು ಬಲ್ಲವರಾದರು.

ಗೋಪಾಲನಾಥರನ್ನು ಕೇಳುವಾಗ ನನಗೆ ಎರಡು ಬಗೆಯ ಬೆರಗು ಆಗುತ್ತದೆ. ಮೊದಲನೆಯದು ಸುಲಭದ್ದು: ಸ್ಯಾಕ್ಸೋಫೋನಿನಲ್ಲಿ ತ್ಯಾಗರಾಜರ ಕೃತಿಯೇ ಎಂಬ ಬೆರಗು. ಅದು ಜಾತ್ರೆಯಲ್ಲಿ ಕಾಣದ್ದನ್ನು ಕಂಡವನ ಬೆರಗು. ಹತ್ತು ನಿಮಿಷದಲ್ಲಿ ತೀರುತ್ತದೆ. ತೀರಲೇಬೇಕು. ತೀರಿದ ಮೇಲೆ ಏನು ಉಳಿಯಿತು ಎಂಬುದೇ ಕಲಾವಿದನ ನಿಜವಾದ ಪರೀಕ್ಷೆ. ಆಲಾಪನೆ ಬೆಳೆಯುತ್ತ ಹೋದ ಹಾಗೆ ಯಾವುದೋ ಒಂದು ಹೊತ್ತಿನಲ್ಲಿ ವಾದ್ಯ ಮರೆಯಾಗಿರುತ್ತದೆ. ಹಿತ್ತಾಳೆಯೂ ಇಲ್ಲ, ಕೀಗಳೂ ಇಲ್ಲ, ಬೆಲ್ಜಿಯಂ ಇಲ್ಲ, ಬಂಟ್ವಾಳವೂ ಇಲ್ಲ. ರಾಗ ಮಾತ್ರ ಇರುತ್ತದೆ, ಯಾವಾಗಿನಿಂದಲೋ ಅಲ್ಲೇ ಇದ್ದಂತೆ. ಆಗ ಆಗುವುದು ಎರಡನೆಯ ಬೆರಗು. ಅದು ಹೊಸದನ್ನು ಕಂಡದ್ದರಿಂದ ಆದದ್ದಲ್ಲ. ತೀರ ಪರಿಚಿತವಾದದ್ದನ್ನು ಮೊದಲ ಸಲ ಎಂಬಂತೆ ಕಂಡದ್ದರಿಂದ ಆದದ್ದು. ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿ ಎಂದು ಭರತ ಹೇಳಿದ್ದಾನೆ. ಎಲ್ಲ ರಸಗಳ ಒಡಲಲ್ಲೂ ಇರುವುದು ಅದ್ಭುತವೊಂದೇ ಎಂದು ವಾದಿಸಿದ ಆಲಂಕಾರಿಕರೂ ಇದ್ದರು. ಅವರ ಮಾತು ನನಗೆ ಸ್ಪಷ್ಟವಾಗುವುದು ಇಂಥ ಆಲಾಪನೆಯ ನಡುವೆ. ಶೋಕಕ್ಕೆ ಕಣ್ಣೀರು ಬರುತ್ತದೆ, ಸರಿ; ಈ ಕಣ್ಣೀರು ಯಾವುದಕ್ಕೆ?

ಬೆರಗಿನ ಮಾತು ಬಂದಾಗ ನನಗೆ ಎಲ್ಲೋರವೂ ನೆನಪಾಗುತ್ತದೆ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರ ಅದು. ಅಲ್ಲಿನ 34 ಗುಹೆಗಳಲ್ಲಿ ಹದಿನಾರನೆಯದು ಕೈಲಾಸ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು, 8ನೆಯ ಶತಮಾನದ್ದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ‘ಕವಿರಾಜಮಾರ್ಗ’ ಹೇಳಿದ್ದು ಇದೇ ರಾಷ್ಟ್ರಕೂಟರ ಆಸ್ಥಾನದಿಂದ. ಕೈಲಾಸವನ್ನು ಕಟ್ಟಿದ್ದಲ್ಲ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದದ್ದು. ಉಳಿ ತಪ್ಪಿದರೆ ಕಲ್ಲನ್ನು ಮತ್ತೆ ಅಂಟಿಸುವ ಹಾಗಿಲ್ಲ. ಈ ದೇವಾಲಯದ ಬಗ್ಗೆ 9ನೆಯ ಶತಮಾನದ ಆರಂಭದ, ವಡೋದರಾದಲ್ಲಿ ಸಿಕ್ಕ ಕರ್ಕರಾಜನ ತಾಮ್ರಶಾಸನದಲ್ಲಿ ಒಂದು ಮಾತು ಬರುತ್ತದೆ. ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಅದನ್ನು ಕಂಡು, ಇದು ಮನುಷ್ಯರ ಕೈಯಿಂದ ಆದದ್ದಲ್ಲ ಎಂದು ಬೆರಗಾದರಂತೆ. ಅದು ಹೊಗಳಿಕೆಯ ರೂಢಿ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಮಾತು: ಅದನ್ನು ಮಾಡಿದ ಶಿಲ್ಪಿಯೇ ಮುಗಿದ ಕೆಲಸವನ್ನು ನೋಡಿ, ಇದನ್ನು ನಾನು ಹೇಗೆ ಮಾಡಿದೆ ಎಂದು ಅಚ್ಚರಿಪಟ್ಟನಂತೆ.

ಸಾವಿರದ ಇನ್ನೂರು ವರ್ಷದ ಹಿಂದೆ ಆ ಶಾಸನ ಬರೆದ ಕವಿಗೆ ಕಲೆಯ ಒಳಗುಟ್ಟು ಗೊತ್ತಿತ್ತು. ನೋಡುವವರ ಬೆರಗು ಒಂದು. ಮಾಡಿದವನ ಬೆರಗು ಇನ್ನೊಂದು. ಇಪ್ಪತ್ತು ವರ್ಷ ಪ್ರತಿ ಉಳಿಯೇಟನ್ನೂ ತಾನೇ ಹಾಕಿದವನಿಗೆ, ಪ್ರತಿ ಸ್ವರವನ್ನೂ ತಾನೇ ತಿದ್ದಿದವನಿಗೆ, ಕಡೆಗೆ ಆದದ್ದು ತಾನು ಹಾಕಿದ ದುಡಿಮೆಯ ಮೊತ್ತಕ್ಕಿಂತ ದೊಡ್ಡದು ಎಂದು ಕಾಣುವ ಗಳಿಗೆ ಅದು. ಗೋಪಾಲನಾಥರ ವಿಡಿಯೋಗಳಲ್ಲಿ ಅವರ ಮುಖವನ್ನು ಗಮನಿಸಿ. ಮೇಲಿನ ಷಡ್ಜ ಮುಟ್ಟಿ ನಿಲ್ಲಿಸಿದ ಮೇಲೆ ಅವರ ಹುಬ್ಬು ಮೇಲೇಳುತ್ತದೆ, ಪಕ್ಕದವರ ಕಡೆ ನೋಡಿ ನಗುತ್ತಾರೆ. ಆ ನಗುವಿನಲ್ಲಿ ಗರ್ವ ನನಗೆ ಕಾಣುವುದಿಲ್ಲ. ಮೈಸೂರಿನ ಅರಮನೆಯಲ್ಲಿ ವಾದ್ಯ ಕಂಡ ಹುಡುಗನೇ ಕಾಣುತ್ತಾನೆ.

ಆ ಬೆರಗು ಎಲ್ಲಿಂದೆಲ್ಲಿಗೆ ದಾಟಿತು ನೋಡಿ. ರುದ್ರೇಶ್ ಮಹಾಂತಪ್ಪ ಕನ್ನಡ ಮೂಲದ ಕುಟುಂಬದವರು. 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದಲ್ಲಿ ಬೆಳೆದು, ಜಾಝ್ ಸ್ಯಾಕ್ಸೋಫೋನಿನಲ್ಲಿ ಹೆಸರಾದವರು. ಕಲಿಯುವ ವಯಸ್ಸಿನಲ್ಲಿ ಅವರಿಗೆ ಅಣ್ಣ ತಮಾಷೆಗೆಂದು ಗೋಪಾಲನಾಥರ ಮುದ್ರಿಕೆಯೊಂದನ್ನು ಉಡುಗೊರೆ ಕೊಟ್ಟರು. ಕೇಳಿದ ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಒಂದೇ ಜಾತಿಯ ವಾದ್ಯ, ಒಂದೇ ನಾಡಿನ ಬೇರು. ಒಬ್ಬರು ಸಜಿಪದಿಂದ ಹೊರಟು ಅಮೆರಿಕ ತಲುಪಿದವರು, ಇನ್ನೊಬ್ಬರು ಅಮೆರಿಕದಿಂದ ಹೊರಟು ಅಪ್ಪ ಅಮ್ಮನ ನಾಡಿನ ರಾಗ ತಲುಪಿದವರು. ಆ ಮುದ್ರಿಕೆಯಲ್ಲಿ ಇಬ್ಬರ ದನಿಗಳನ್ನು ಬಿಡಿಸಿ ಕೇಳುವುದು ಕಷ್ಟವೇನಲ್ಲ. ಒಂದರಲ್ಲಿ ರಾಗ ಮಾತೃಭಾಷೆ, ಇನ್ನೊಂದರಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ. ಕಲಿತ ಭಾಷೆಯ ತವಕವೂ ಚಂದವೇ.

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಗೋಪಾಲನಾಥರು ತೀರಿಕೊಂಡರು. 69 ವರ್ಷ. ಮಗ ಮಣಿಕಾಂತ್ ಕದ್ರಿ ಸಿನಿಮಾ ಸಂಗೀತದಲ್ಲಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಈಗ ಹೋಗಿ ನೋಡಿ: ದೇವಸ್ಥಾನದ ಬ್ರಹ್ಮಕಲಶಕ್ಕೆ ಸ್ಯಾಕ್ಸೋಫೋನ್, ಮದುವೆಯ ಮಂಟಪದಲ್ಲಿ ಸ್ಯಾಕ್ಸೋಫೋನ್, ದೈವದ ನೇಮದಲ್ಲಿ ಡೋಲಿನ ಜೊತೆ ಸ್ಯಾಕ್ಸೋಫೋನ್. ಹೆಣ್ಣುಮಕ್ಕಳೂ ಕಲಿತು ಕಛೇರಿ ಕೊಡುತ್ತಿದ್ದಾರೆ. ಪ್ಯಾರಿಸ್‌ನಲ್ಲಿ ಸೇನೆಗೆಂದು ಹುಟ್ಟಿದ ವಾದ್ಯದ ಮುಂದೆ ತುಳುನಾಡಿನ ದೈವ ಗಗ್ಗರ ಕಟ್ಟಿ ಕುಣಿಯುತ್ತದೆ. ಅಲ್ಲಿನ ಮಕ್ಕಳಿಗೆ ಅದು ಪರದೇಶದ್ದೆಂದು ಹೇಳಿದರೆ ನಂಬಲಿಕ್ಕಿಲ್ಲ. ಒಬ್ಬ ಮನುಷ್ಯನ ಸಾಧನೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ತೋಚುವುದಿಲ್ಲ.

ನಾಸಿಕ್ ರೋಡ್‌ನಲ್ಲೂ ಸ್ಯಾಕ್ಸೋಫೋನ್ ಇದೆ. ತುಳಸಿ ಲಗ್ನ ಮುಗಿದು ಮದುವೆಯ ಕಾಲ ಬಂತೆಂದರೆ ಬಿಟ್ಕೋ ಕಡೆಯಿಂದ, ಜೈಲ್ ರೋಡ್ ಕಡೆಯಿಂದ ರಾತ್ರಿಯ ಹೊತ್ತು ವರಾತ್, ಅಂದರೆ ಮದುವೆಯ ಮೆರವಣಿಗೆ, ಹೊರಡುತ್ತದೆ. ಮುಂದೆ ನಾಸಿಕ್ ಢೋಲಿನ ಅಬ್ಬರ, ಅಥವಾ ಟ್ರಕ್ಕಿನ ಮೇಲೆ ಪೇರಿಸಿದ ಡಿಜೆ. ಅಪರೂಪಕ್ಕೆ ಹಳೆಯ ಕ್ರಮದ ಬ್ಯಾಂಡು ಕರೆಸಿದ್ದರೆ, ಕೆಂಪು ಕೋಟಿನ ಸಾಲಿನಲ್ಲಿ ಒಬ್ಬನ ಕೊರಳಿಗೆ ಸ್ಯಾಕ್ಸೋಫೋನ್ ತೂಗುತ್ತಿರುತ್ತದೆ. ಕೋಟು ಅಳತೆಗೆ ಸರಿಯಿರುವುದಿಲ್ಲ, ವಾದ್ಯದ ಮೆರುಗು ಹೋಗಿರುತ್ತದೆ. ಕುಣಿಯುವವರ ಗದ್ದಲದಲ್ಲಿ ಅವನ ದನಿ ಅರ್ಧ ಮುಳುಗಿರುತ್ತದೆ. ಆದರೂ ಹಳೆಯ ಹಿಂದಿ ಹಾಡಿನ ಅಂತರೆಗೆ ಬಂದಾಗ ಆತ ಕಣ್ಣುಮುಚ್ಚಿ ಒಂದು ಸ್ವರವನ್ನು ಎಳೆದು, ಬಾಗಿಸಿ, ತಿರುಗಿಸಿ ಬಿಡುವುದನ್ನು ನಾನು ಕೇಳಿದ್ದೇನೆ. ಯಾರೂ ಹೇಳಿಕೊಟ್ಟಿರದ ಗಮಕ ಅದು. ಮುಂಬಯಿಯ ಸ್ಟುಡಿಯೋಗಳಲ್ಲಿ ಮನೋಹರಿ ಸಿಂಗ್‌ರಂಥವರು ನುಡಿಸಿದ್ದನ್ನು ಕೇಳಿ ಕೇಳಿಯೇ ಇಂಥವರು ಕಲಿತಿರಬೇಕು. ಗೋಪಾಲನಾಥರೂ ಇಂಥ ಒಂದು ಬ್ಯಾಂಡಿನ ಸಾಲಿನಲ್ಲಿ ನಿಂತಿದ್ದ ವಾದಕನನ್ನು ಕಂಡೇ ಹೊರಟವರು. ಅರಮನೆಯ ಆ ವಾದಕನ ಹೆಸರು ಅವರ ಜೀವನದ ಕಥೆ ಹೇಳುವವರ ಬಾಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅವನು ಆ ದಿನ ಬೇಸರದಿಂದ ನುಡಿಸಿದ್ದರೆ ನಮ್ಮ ಸಂಗೀತಕ್ಕೆ ಈ ದನಿ ಸಿಗುತ್ತಿರಲಿಲ್ಲವೇನೋ.

ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಮದುವೆಯಿದ್ದರೆ ಡಿಜೆಗೆ ಕೊಡುವ ಹಣದಲ್ಲಿ ಒಂದು ಪಾಲು ತೆಗೆದು ಸ್ಯಾಕ್ಸೋಫೋನ್ ನುಡಿಸುವವರೊಬ್ಬರನ್ನು ಕರೆಸಿ. ಮೆರವಣಿಗೆ ಮುಗಿದು ಜನ ಊಟಕ್ಕೆ ಕೂತ ಮೇಲೆ ಅವರಿಗೊಂದು ಕುರ್ಚಿ ಹಾಕಿ, ನೀರು ಕೊಟ್ಟು, ಹೆಸರು ಕೇಳಿ, ಅವರಿಗೆ ಇಷ್ಟವಾದದ್ದನ್ನು ಹತ್ತು ನಿಮಿಷ ನುಡಿಸಲು ಹೇಳಿ. ಮಕ್ಕಳನ್ನು ಹತ್ತಿರ ಕೂರಿಸಿ.